ಎಣಿಕೆ ಬರುತ್ತದೆ, ಮಳೆ ಬರುವುದಿಲ್ಲ: ಆಬ್ಜೆಕ್ಟ್ ಸ್ಟೋರೇಜ್‌ಗೆ ಸರಿಸಿದ ಹಳೆಯ ದತ್ತಾಂಶ ಮತ್ತು ಬ್ಯಾಕಪ್‌ಗಳ ದೋಷ ನಿವಾರಣೆ

ಮಡಿಕೇರಿಯ ಒಂದು ಕಚೇರಿ ಕೋಣೆಯಲ್ಲಿರುವ ಸರ್ವರ್, ಸುತ್ತಲಿನ ಕಾಫಿ ತೋಟಗಳಿಂದ ಬರುವ ಮಳೆಮಾಪಕದ ಅಳತೆ, ಮಣ್ಣಿನ ತೇವಾಂಶ, ಪಂಪ್‌ಸೆಟ್ಟಿನ ವಿದ್ಯುತ್ ಬಳಕೆ ಮತ್ತು ಡ್ರೈಯರ್‌ಗಳ ತಾಪಮಾನವನ್ನು ಕ್ಲಿಕ್‌ಹೌಸ್ ಡೇಟಾಬೇಸಿನಲ್ಲಿ ಕೂಡಿಡುತ್ತದೆ. ಇತ್ತೀಚಿನ 90 ದಿನಗಳ ದತ್ತಾಂಶ ಸರ್ವರ್‌ನೊಳಗಿನ ಎಸ್‌ಎಸ್‌ಡಿಯಲ್ಲಿ ಇರುತ್ತದೆ. ಅದಕ್ಕಿಂತ ಹಳೆಯದು ಟೇಬಲ್‌ಗೆ ಬರೆದ ಟಿಟಿಎಲ್ ನಿಯಮದ (ದತ್ತಾಂಶಕ್ಕೆ ಇಷ್ಟು ದಿನವಾದ ಮೇಲೆ ಏನು ಮಾಡಬೇಕೆಂದು ಹೇಳುವ ನಿಯಮ) ಪ್ರಕಾರ ಅಮೆಜಾನ್ ಎಸ್3ರ, ಅಂದರೆ ಫೈಲುಗಳನ್ನು ಆಬ್ಜೆಕ್ಟ್‌ಗಳಾಗಿ ಅಂತರ್ಜಾಲದ ಮೂಲಕ ಕೂಡಿಡುವ ಆಬ್ಜೆಕ್ಟ್ ಸ್ಟೋರೇಜ್ ಸೇವೆಯ, ಮುಂಬೈ ವಲಯದಲ್ಲಿರುವ ಒಂದು ಬಕೆಟ್ಟಿಗೆ (ಆಬ್ಜೆಕ್ಟ್‌ಗಳನ್ನು ಇಡುವ ಜಾಗ) ಸರಿಯುತ್ತದೆ. ಇಲ್ಲಿ ವಿವರಿಸಿರುವ ದೋಷಗಳೆಲ್ಲ ಈ ವ್ಯವಸ್ಥೆಯನ್ನು ನೋಡಿಕೊಳ್ಳುವಾಗ ನಾವು ಕಂಡವು, ಮತ್ತು ಅವುಗಳಲ್ಲಿ ಹೆಚ್ಚಿನವು ನಮ್ಮದೇ ಸಂರಚನೆಯ ತಪ್ಪುಗಳು. ಇಂಥದೇ ವ್ಯವಸ್ಥೆಯನ್ನು ನಡೆಸುವವರಿಗೆ, ಅದರಲ್ಲೂ ಮಳೆಗಾಲದಲ್ಲಿ ಕರೆಂಟು ಮತ್ತು ಫೈಬರ್ ಸಂಪರ್ಕ ಎರಡೂ ಒಟ್ಟಿಗೆ ಹೋಗುವ ಊರುಗಳಲ್ಲಿ ನಡೆಸುವವರಿಗೆ, ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕೆಂಬುದು ಇದರಿಂದ ತಿಳಿಯಬಹುದು.

ಮೊದಲು ಮಾಡಬಾರದ ಕೆಲಸಗಳು

ಹಳೆಯ ದತ್ತಾಂಶ ಓದಲು ಬರುತ್ತಿಲ್ಲ ಎಂಬ ದೂರು ಬಂದ ಕೂಡಲೇ ಸರ್ವರ್ ಅನ್ನು ಮರುಪ್ರಾರಂಭಿಸುವುದು ಹಲವರ ಅಭ್ಯಾಸ. ಇಲ್ಲಿ ಅದು ಅಪಾಯಕಾರಿ. ಕ್ಲಿಕ್‌ಹೌಸ್ ಪ್ರಾರಂಭವಾಗುವಾಗ ಪ್ರತಿಯೊಂದು ಪಾರ್ಟ್‌ನ, ಅಂದರೆ ಟೇಬಲ್ಲಿನ ಸಾಲುಗಳ ಒಂದು ಗುಂಪನ್ನು ಇಟ್ಟ ಫೋಲ್ಡರಿನ, ಚಿಕ್ಕ ಫೈಲುಗಳನ್ನು ಓದಿ ನೋಡುತ್ತದೆ. ಓದಲಾಗದ ಪಾರ್ಟ್ ಅನ್ನು ಕೆಟ್ಟಿದೆ ಎಂದು ತೀರ್ಮಾನಿಸಿ ಡಿಟ್ಯಾಚ್ಡ್ ಫೋಲ್ಡರಿಗೆ ತಳ್ಳುತ್ತದೆ, ಅಂಥವು ಮಿತಿಮೀರಿದರೆ ಟೇಬಲ್ ಅನ್ನೇ ತೆರೆಯಲು ನಿರಾಕರಿಸುತ್ತದೆ. ಓಡುತ್ತಿರುವ ಸರ್ವರ್‌ನಲ್ಲಿ ಒಂದು ಪ್ರಶ್ನೆಗೆ ಸೀಮಿತವಾಗಿದ್ದ ತೊಂದರೆ ಮರುಪ್ರಾರಂಭದ ನಂತರ ಇಡೀ ಟೇಬಲ್ಲಿನ ತೊಂದರೆಯಾಗಬಹುದು.

ಆದುದರಿಂದ ಮೊದಲ ಹೆಜ್ಜೆಯಾಗಿ, ಬಕೆಟ್ಟಿನ ಮೇಲೆ ಇರುವ ಎಲ್ಲ ಲೈಫ್‌ಸೈಕಲ್ ನಿಯಮಗಳನ್ನು (ಹಳೆಯದಾದ ಆಬ್ಜೆಕ್ಟ್‌ಗಳನ್ನು ಅಗ್ಗದ ವರ್ಗಕ್ಕೆ ಸರಿಸುವ ಅಥವಾ ಅಳಿಸುವ ಎಸ್3ರ ನಿಯಮಗಳು) ಅಳಿಸದೆ ನಿಷ್ಕ್ರಿಯಗೊಳಿಸಬೇಕು, ಏಕೆಂದರೆ ಆ ನಿಯಮಗಳ ಪಠ್ಯವೇ ಮುಂದೆ ಸಾಕ್ಷಿಯಾಗುತ್ತದೆ. ಎರಡನೆಯದಾಗಿ, ತೊಂದರೆಗೊಳಗಾದ ಟೇಬಲ್ಲಿನ ಮೇಲೆ ಮರ್ಜ್ (ಪಾರ್ಟ್‌ಗಳನ್ನು ಕೂಡಿಸಿ ಒಂದಾಗಿಸುವುದು) ಮತ್ತು ಮೂವ್ (ಪಾರ್ಟ್ ಅನ್ನು ಬೇರೆ ಡಿಸ್ಕಿಗೆ ಸರಿಸುವುದು) ಕಾರ್ಯಗಳನ್ನು ಸ್ಟಾಪ್ ಮರ್ಜಸ್, ಸ್ಟಾಪ್ ಮೂವ್ಸ್ ಆದೇಶಗಳಿಂದ ನಿಲ್ಲಿಸಬೇಕು. ನಿಲ್ಲಿಸಿದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಈ ಸಣ್ಣ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಮೊದಲ ದೋಷ: ಸಾಲುಗಳಿವೆ, ಅಳತೆಗಳಿಲ್ಲ

ಜುಲೈ ತಿಂಗಳ ಒಂದು ಬೆಳಿಗ್ಗೆ ತೋಟವೊಂದರ ಲೆಕ್ಕಪತ್ರ ನೋಡುವ ರೈಟರ್ ಫೋನ್ ಮಾಡಿ, "ಸಾರ್, ಕಳೆದ ವರ್ಷದ ಕಕ್ಕಡದ ಮಳೆ ನೋಡ್ಬೇಕಿತ್ತು. ಎಷ್ಟು ಎಂಟ್ರಿ ಇದೆ ಅಂತ ಎಣಿಕೆ ಬರ್ತದೆ, ಮಳೆ ಮಾತ್ರ ಬರೋದಿಲ್ಲ" ಎಂದರು. (ಕಕ್ಕಡ ಎಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬರುವ ಕೊಡವ ತಿಂಗಳು.) ದೋಷದ ಲಕ್ಷಣವನ್ನು ಇದಕ್ಕಿಂತ ನಿಖರವಾಗಿ ನಾವು ಯಾರೂ ಹೇಳಿರಲಿಲ್ಲ. ಸಾಲುಗಳ ಎಣಿಕೆ ಸರಿಯಾಗಿ ಬರುತ್ತಿತ್ತು. ತೋಟದ ಸಂಕೇತವಿರುವ ಕಾಲಮ್ ಓದಲು ಬರುತ್ತಿತ್ತು. ಮಳೆಯ ಅಳತೆಯ ಕಾಲಮ್ ಕೇಳಿದೊಡನೆ 403 ಎಂಬ ದೋಷಸಂಕೇತದೊಂದಿಗೆ ಪ್ರಶ್ನೆ ನಿಂತುಹೋಗುತ್ತಿತ್ತು.

403 ಎಂದರೆ ಅನುಮತಿ ಇಲ್ಲ ಎಂದು ತಿಳಿದು ನಾವು ಅರ್ಧ ದಿನವನ್ನು ಆಕ್ಸೆಸ್ ಕೀಗಳನ್ನು ಬದಲಿಸುವುದರಲ್ಲಿ ಕಳೆದೆವು. ಎಸ್3 ಒಂದೇ 403 ಸಂಖ್ಯೆಯ ಅಡಿಯಲ್ಲಿ ಹಲವು ಬೇರೆ ಬೇರೆ ಕಾರಣಗಳನ್ನು ಕಳುಹಿಸುತ್ತದೆ, ಆದ್ದರಿಂದ ಸಂಖ್ಯೆಯ ಜೊತೆಗೆ ಬರುವ ಹೆಸರನ್ನು ಓದಬೇಕು. ಆಕ್ಸೆಸ್ ಡಿನೈಡ್ ಎಂದಿದ್ದರೆ ಅದು ನಿಜಕ್ಕೂ ಅನುಮತಿಯ ಪ್ರಶ್ನೆ. ರಿಕ್ವೆಸ್ಟ್ ಟೈಮ್ ಟೂ ಸ್ಕ್ಯೂಡ್ ಎಂದಿದ್ದರೆ ಸರ್ವರ್‌ನ ಗಡಿಯಾರ ತಪ್ಪಿದೆ. ಇನ್ವ್ಯಾಲಿಡ್ ಆಬ್ಜೆಕ್ಟ್ ಸ್ಟೇಟ್ ಎಂದಿದ್ದರೆ ಆಬ್ಜೆಕ್ಟ್ ಇದೆ, ಅನುಮತಿಯೂ ಇದೆ, ಆದರೆ ಅದು ಆರ್ಕೈವ್ ವರ್ಗಕ್ಕೆ, ಅಂದರೆ ಅಗ್ಗದ ಆದರೆ ಹೊರತೆಗೆಯಲು ಕಾಯಬೇಕಾದ ಸಂಗ್ರಹಕ್ಕೆ, ಹೋಗಿರುವುದರಿಂದ ನೇರವಾಗಿ ಓದಲಾಗದು. ನಮಗೆ ಬರುತ್ತಿದ್ದುದು ಮೂರನೆಯದು. ಕ್ಲಿಕ್‌ಹೌಸ್‌ನ ದೋಷಸಂದೇಶ ಉದ್ದವಾಗಿರುವುದರಿಂದ ನಮ್ಮ ಡ್ಯಾಶ್‌ಬೋರ್ಡ್ ಅದರ ಮೊದಲ ಸಾಲನ್ನಷ್ಟೇ ತೋರಿಸುತ್ತಿತ್ತು, ಕಾರಣದ ಹೆಸರು ಕೊನೆಯಲ್ಲಿತ್ತು. ಸರ್ವರ್‌ನ ಎರರ್ ಲಾಗ್ ಅನ್ನು ತೆರೆದು ಪೂರ್ಣ ಸಂದೇಶ ಓದುವುದಕ್ಕೆ ಎರಡು ನಿಮಿಷ ಸಾಕಾಗಿತ್ತು.

ಇಲ್ಲಿ ಇನ್ನೊಂದು ಸಂಗತಿ ನಮ್ಮನ್ನು ದಾರಿ ತಪ್ಪಿಸಿತು. ಹಳೆಯದೆಲ್ಲ ಆರ್ಕೈವ್‌ಗೆ ಹೋಗಿದೆ ಎನ್ನುವುದಾದರೆ 2018ರ ಆಗಸ್ಟ್ ತಿಂಗಳ ಮಳೆ, ಅಂದರೆ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದ ಆ ತಿಂಗಳ ದಾಖಲೆ, ಮೊದಲು ಕಾಣೆಯಾಗಬೇಕಿತ್ತು. ಅದು ತೊಂದರೆಯಿಲ್ಲದೆ ಓದಲು ಬರುತ್ತಿತ್ತು. ತೀರಾ ಹಳೆಯದು ಸಿಗುತ್ತದೆ, ಕಳೆದ ವರ್ಷದ್ದು ಸಿಗುವುದಿಲ್ಲ ಎಂದಾಗ ಆರ್ಕೈವ್ ಎಂಬ ಊಹೆಯನ್ನೇ ಕೈಬಿಡಲು ಮನಸ್ಸಾಗುತ್ತದೆ.

ಗಂಟು ಬಿಚ್ಚಿಕೊಂಡದ್ದು ಆಬ್ಜೆಕ್ಟ್‌ಗಳ ಗಾತ್ರವನ್ನು ನೋಡಿದಾಗ. 2024ರ ಸೆಪ್ಟೆಂಬರ್‌ನಿಂದ ಎಸ್3ಯ ಲೈಫ್‌ಸೈಕಲ್ ನಿಯಮಗಳು, ಬೇರೆ ಸೂಚನೆ ಇಲ್ಲದಿದ್ದರೆ, 128 ಕೆಬಿಗಿಂತ ಚಿಕ್ಕ ಆಬ್ಜೆಕ್ಟ್‌ಗಳನ್ನು ಯಾವುದೇ ವರ್ಗಕ್ಕೂ ವರ್ಗಾಯಿಸುವುದಿಲ್ಲ. ದೊಡ್ಡ ಪಾರ್ಟ್ ಒಂದರಲ್ಲಿ ಪ್ರತಿಯೊಂದು ಕಾಲಮ್‌ಗೂ ಪ್ರತ್ಯೇಕ ಫೈಲ್ ಇರುತ್ತದೆ. ಪ್ರಾಥಮಿಕ ಸೂಚಿ, ಮಾರ್ಕ್ ಫೈಲುಗಳು, ಚೆಕ್‌ಸಮ್‌ಗಳು ಸಾಮಾನ್ಯವಾಗಿ ಚಿಕ್ಕವು. ತೋಟದ ಸಂಕೇತ ವಿಂಗಡಣೆಯ ಮೊದಲ ಕಾಲಮ್ ಆಗಿರುವುದರಿಂದ ಒಂದೇ ಸಂಕೇತ ಸಾವಿರಾರು ಸಾಲುಗಳಲ್ಲಿ ಮರುಕಳಿಸಿ ಬಹಳ ಚಿಕ್ಕದಾಗಿ ಅಡಕವಾಗುತ್ತದೆ. ಮಳೆಯ ಅಳತೆಯ ಕಾಲಮ್ ಹಾಗೆ ಅಡಕವಾಗುವುದಿಲ್ಲ. ಆದುದರಿಂದ ಒಂದೇ ಪಾರ್ಟ್‌ನ ಚಿಕ್ಕ ಫೈಲುಗಳು ಸಾಮಾನ್ಯ ವರ್ಗದಲ್ಲಿ ಉಳಿದು, ದೊಡ್ಡ ಫೈಲುಗಳು ಮಾತ್ರ ಗ್ಲೇಸಿಯರ್ ಎಂಬ ಆರ್ಕೈವ್ ವರ್ಗಕ್ಕೆ ಹೋದವು. ಎಣಿಕೆಯಂತೂ ಸರ್ವರ್‌ನ ನೆನಪಿನಲ್ಲಿರುವ ಪಾರ್ಟ್‌ಗಳ ವಿವರದಿಂದಲೇ ಬರುತ್ತದೆ, ಅದಕ್ಕೆ ಬಕೆಟ್ಟನ್ನು ಮುಟ್ಟುವ ಅಗತ್ಯವೇ ಇಲ್ಲ. 2018ರ ದಾಖಲೆ ತೋಟದ ಮಳೆ ಪುಸ್ತಕಗಳಿಂದ ಕೈಯಾರೆ ಟೈಪ್ ಮಾಡಿದ್ದು, ದಿನಕ್ಕೆ ಒಂದು ಸಾಲು. ಇಡೀ ತಿಂಗಳು ಕೆಲವು ಕೆಬಿಗಳಲ್ಲಿ ಮುಗಿಯುವುದರಿಂದ ನಿಯಮದ ಕಣ್ಣಿಗೆ ಅದು ಬೀಳಲೇ ಇಲ್ಲ.

ಈ ಊಹೆಯನ್ನು ಪರೀಕ್ಷಿಸುವ ವಿಧಾನ ಸರಳ. ಕ್ಲಿಕ್‌ಹೌಸ್ ತನ್ನ ಎಸ್3 ಡಿಸ್ಕಿನ ಪ್ರತಿಯೊಂದು ಫೈಲಿಗೂ ಸ್ಥಳೀಯ ಡಿಸ್ಕಿನಲ್ಲಿ, ಡಿಸ್ಕ್ಸ್ ಎಂಬ ಫೋಲ್ಡರಿನ ಒಳಗೆ, ಒಂದು ಚಿಕ್ಕ ಮೆಟಾಡೇಟಾ ಫೈಲನ್ನು ಇಡುತ್ತದೆ. ಅದು ಸಾದಾ ಪಠ್ಯ. ಅದರಲ್ಲಿ ಬಕೆಟ್ಟಿನೊಳಗಿನ ಆಬ್ಜೆಕ್ಟ್‌ನ ಕೀ ಮತ್ತು ಗಾತ್ರ ಬರೆದಿರುತ್ತದೆ. ಸಿಸ್ಟಮ್ ಡೇಟಾಬೇಸಿನ ರಿಮೋಟ್ ಡೇಟಾ ಪಾತ್ಸ್ ಟೇಬಲ್ ಕೂಡ ಇದೇ ಸಂಬಂಧವನ್ನು ತೋರಿಸುತ್ತದೆ. ಓದಲಾಗದ ಒಂದು ಕಾಲಮ್‌ನ ಕೀಯನ್ನು ಅಲ್ಲಿಂದ ತೆಗೆದುಕೊಂಡು, ಆ ಆಬ್ಜೆಕ್ಟ್‌ನ ಸಂಗ್ರಹ ವರ್ಗ ಯಾವುದೆಂದು ಹೆಡ್ ವಿನಂತಿಯಿಂದ ಕೇಳಬೇಕು. ವಿಷಯವನ್ನು ಓದದೆ ವಿವರವನ್ನಷ್ಟೇ ಕೇಳುವ ಈ ವಿನಂತಿ ಆರ್ಕೈವ್ ಆದ ಆಬ್ಜೆಕ್ಟ್‌ಗೂ ಉತ್ತರ ಕೊಡುತ್ತದೆ. ನಮಗೆ ಗ್ಲೇಸಿಯರ್ ಎಂಬ ಉತ್ತರ ಬಂದಿತು.

ಮೂಲ ಕಾರಣ ನಾವೇ ಬರೆದ ನಿಯಮ. ಒಂದು ಕಾಲದಲ್ಲಿ ಬ್ಯಾಕಪ್ ಮತ್ತು ಹಳೆಯ ದತ್ತಾಂಶ ಒಂದೇ ಬಕೆಟ್ಟಿನಲ್ಲಿದ್ದವು. ಬ್ಯಾಕಪ್‌ನ ಖರ್ಚು ತಗ್ಗಿಸಲೆಂದು 180 ದಿನಗಳ ನಂತರ ಗ್ಲೇಸಿಯರ್‌ಗೆ ಹೋಗುವಂತೆ ನಿಯಮ ಹಾಕಿದೆವು, ಯಾವ ಹೆಸರಿನಿಂದ ಶುರುವಾಗುವ ಆಬ್ಜೆಕ್ಟ್‌ಗಳಿಗೆ ಅದು ಅನ್ವಯಿಸುತ್ತದೆಂದು ಹೇಳುವ ಪ್ರಿಫಿಕ್ಸ್ ಬರೆಯಲು ಮರೆತೆವು, ಹಾಗಾಗಿ ನಿಯಮ ಹಳೆಯ ದತ್ತಾಂಶಕ್ಕೂ ತಗುಲಿತು. ಈ 180 ದಿನಗಳು ಅಳತೆಯ ದಿನಾಂಕದಿಂದ ಅಲ್ಲ, ಆಬ್ಜೆಕ್ಟ್ ಸೃಷ್ಟಿಯಾದ ದಿನದಿಂದ ಎಣಿಕೆಯಾಗುತ್ತವೆ ಎಂಬುದನ್ನೂ ಗಮನಿಸಬೇಕು. ಜುಲೈ ತಿಂಗಳ ಪಾರ್ಟ್ ಅಕ್ಟೋಬರ್ ಕೊನೆಗೆ ಬಕೆಟ್ಟಿಗೆ ಹೋಗಿ, ಏಪ್ರಿಲ್ ಹೊತ್ತಿಗೆ ಸದ್ದಿಲ್ಲದೆ ಆರ್ಕೈವ್ ಆಗಿತ್ತು. ಮಳೆ ಶುರುವಾಗುವವರೆಗೆ ಅದನ್ನು ಯಾರೂ ಕೇಳಲಿಲ್ಲ. ನಡುವೆ ಮರ್ಜ್ ಆದ ಪಾರ್ಟ್‌ಗಳ ಆಬ್ಜೆಕ್ಟ್‌ಗಳು ಹೊಸದಾಗಿ ಸೃಷ್ಟಿಯಾದ ಕಾರಣ ಅವುಗಳ ವಯಸ್ಸು ಮತ್ತೆ ಸೊನ್ನೆಯಿಂದ ಆರಂಭವಾಗಿ, ಯಾವ ತಿಂಗಳು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದಕ್ಕೆ ಲೆಕ್ಕವೇ ಇಲ್ಲದಂತೆ ಕಾಣುತ್ತಿತ್ತು.

ಪರಿಹಾರಕ್ಕೆ ತಾಳ್ಮೆ ಬೇಕು. ಲೈಫ್‌ಸೈಕಲ್ ನಿಯಮವನ್ನು ತೆಗೆದರೆ ಹೋದ ಆಬ್ಜೆಕ್ಟ್‌ಗಳು ಹಿಂದಕ್ಕೆ ಬರುವುದಿಲ್ಲ. ಪ್ರತಿ ಆಬ್ಜೆಕ್ಟ್‌ಗೂ ರೀಸ್ಟೋರ್ ವಿನಂತಿ ಕಳುಹಿಸಬೇಕು. ಗ್ಲೇಸಿಯರ್ ಫ್ಲೆಕ್ಸಿಬಲ್ ರಿಟ್ರೀವಲ್ ವರ್ಗದಲ್ಲಿ ಸ್ಟ್ಯಾಂಡರ್ಡ್ ವಿಧಾನಕ್ಕೆ ಸಾಮಾನ್ಯವಾಗಿ 3ರಿಂದ 5 ಗಂಟೆ, ಬಲ್ಕ್ ವಿಧಾನಕ್ಕೆ 5ರಿಂದ 12 ಗಂಟೆ ಹಿಡಿಯುತ್ತದೆ. ಡೀಪ್ ಆರ್ಕೈವ್ ಆಗಿದ್ದರೆ ಕ್ರಮವಾಗಿ 12 ಮತ್ತು 48 ಗಂಟೆಗಳವರೆಗೆ. ಹೀಗೆ ಬರುವುದು ತಾತ್ಕಾಲಿಕ ಪ್ರತಿ ಮಾತ್ರ, ನಾವು ಕೇಳಿದಷ್ಟು ದಿನ ಇದ್ದು ಹೋಗುತ್ತದೆ. ಆದ್ದರಿಂದ ಅದು ಓದಲು ಸಿಗುವ ಅವಧಿಯೊಳಗೆ ಆಬ್ಜೆಕ್ಟ್ ಅನ್ನು ಅದೇ ಕೀಯ ಮೇಲೆ, ಸ್ಟ್ಯಾಂಡರ್ಡ್ ವರ್ಗವನ್ನು ನಮೂದಿಸಿ, ನಕಲು ಮಾಡಬೇಕು. ಕೀ ಬದಲಾಗದಿರುವುದರಿಂದ ಸ್ಥಳೀಯ ಮೆಟಾಡೇಟಾವನ್ನು ಮುಟ್ಟಬೇಕಾಗುವುದಿಲ್ಲ. 5 ಜಿಬಿ ಮೀರಿದ ಆಬ್ಜೆಕ್ಟ್ ಒಂದೇ ನಕಲು ವಿನಂತಿಯಲ್ಲಿ ಹೋಗದು, ಅದಕ್ಕೆ ತುಣುಕು ತುಣುಕಾಗಿ ಸಾಗಿಸುವ ಮಲ್ಟಿಪಾರ್ಟ್ ನಕಲು ಬೇಕು. ಗ್ಲೇಸಿಯರ್ ಫ್ಲೆಕ್ಸಿಬಲ್ ರಿಟ್ರೀವಲ್ ವರ್ಗಕ್ಕೆ ಕನಿಷ್ಠ 90 ದಿನಗಳ ಸಂಗ್ರಹದ ಶುಲ್ಕವಿದೆ. ಅದಕ್ಕೆ ಮೊದಲೇ ಮೇಲೆ ಬರೆದರೆ ಉಳಿದ ದಿನಗಳ ಶುಲ್ಕವೂ ಬಿಲ್ಲಿನಲ್ಲಿ ಬರುತ್ತದೆ. ಎಲ್ಲ ಆಬ್ಜೆಕ್ಟ್‌ಗಳು ಸ್ಟ್ಯಾಂಡರ್ಡ್ ವರ್ಗಕ್ಕೆ ಬಂದವೆಂದು ಖಚಿತವಾದ ಮೇಲೆಯೇ ಮರ್ಜ್ ಮತ್ತು ಮೂವ್‌ಗಳನ್ನು ಮರಳಿ ಆರಂಭಿಸಬೇಕು.

2024ರ ಸೆಪ್ಟೆಂಬರ್‌ಗಿಂತ ಹಿಂದೆ ಬರೆದು ಆಮೇಲೆ ಮುಟ್ಟದ ನಿಯಮಗಳಿರುವ ಬಕೆಟ್ಟಿನಲ್ಲಿ ಚಿಕ್ಕ ಫೈಲುಗಳೂ ಗ್ಲೇಸಿಯರ್‌ಗೆ ಹೋಗಿರಬಹುದು. ಮೇಲೆ ಹೇಳಿದ ಮರುಪ್ರಾರಂಭದ ಅಪಾಯ ನಿಜವಾಗುವುದು ಅಲ್ಲಿಯೇ.

ಎರಡನೆಯ ದೋಷ: ಎಸ್‌ಎಸ್‌ಡಿ ತುಂಬುತ್ತದೆ, ಬಕೆಟ್ ಖಾಲಿ ಇರುತ್ತದೆ

ಟಿಟಿಎಲ್ ಬರೆದಿದ್ದರೂ ದತ್ತಾಂಶ ಸರಿಯುತ್ತಿಲ್ಲವಾದರೆ ಸಿಸ್ಟಮ್ ಡೇಟಾಬೇಸಿನ ಪಾರ್ಟ್ಸ್ ಟೇಬಲ್ಲಿನಲ್ಲಿ ಡಿಸ್ಕ್ ನೇಮ್ ಕಾಲಮ್ ಪ್ರಕಾರ ಗಾತ್ರವನ್ನು ಕೂಡಿ ನೋಡಬೇಕು, ಜೊತೆಗೆ ಪ್ರತಿ ಪಾರ್ಟ್‌ನ ಮೂವ್ ಟಿಟಿಎಲ್ ಮಾಹಿತಿಯಲ್ಲಿ ಗರಿಷ್ಠ ಕಾಲವನ್ನು ನೋಡಬೇಕು. ಆ ಮಾಹಿತಿಯೇ ಖಾಲಿ ಇದ್ದರೆ ಟಿಟಿಎಲ್ ನಿಯಮ ಹಳೆಯ ಪಾರ್ಟ್‌ಗಳಿಗೆ ಅನ್ವಯವಾಗಿಲ್ಲ. ಮೆಟೀರಿಯಲೈಸ್ ಟಿಟಿಎಲ್ ಆದೇಶದಿಂದ ಅದನ್ನು ಅನ್ವಯಿಸಬೇಕು. ಮಾಹಿತಿ ಇದ್ದು, ಗರಿಷ್ಠ ಕಾಲ ಇನ್ನೂ ಮುಂದಿದ್ದರೆ ದೋಷ ಪಾರ್ಟಿಷನ್ (ಸಾಲುಗಳನ್ನು ತಿಂಗಳು ಅಥವಾ ವರ್ಷದ ಪ್ರಕಾರ ಬೇರ್ಪಡಿಸಿಡುವ ವಿಭಾಗ) ಆಯ್ಕೆಯಲ್ಲಿದೆ. ಪಾರ್ಟ್‌ನಲ್ಲಿರುವ ಎಲ್ಲ ಸಾಲುಗಳ ಅವಧಿ ಮುಗಿದ ಮೇಲೆಯೇ ಕ್ಲಿಕ್‌ಹೌಸ್ ಅದನ್ನು ಬೇರೆ ಡಿಸ್ಕಿಗೆ ಸರಿಸುತ್ತದೆ, ಅರ್ಧ ಪಾರ್ಟ್ ಸರಿಯುವುದೆಂಬುದಿಲ್ಲ. ನಮ್ಮ ಮೊದಲ ಟೇಬಲ್ ವರ್ಷಕ್ಕೊಂದು ಪಾರ್ಟಿಷನ್ ಇದ್ದದ್ದು. ಜನವರಿಯ ರೊಬಸ್ಟಾ ಕೊಯ್ಲಿನ ಸಾಲುಗಳು ಆಗಸ್ಟ್‌ನ ಸಾಲುಗಳೊಡನೆ ಮರ್ಜ್ ಆಗಿ ಒಂದೇ ಪಾರ್ಟ್ ಆದ ಮೇಲೆ, ಜನವರಿಯದ್ದು ನವೆಂಬರ್‌ವರೆಗೆ ಕಾಯಲೇಬೇಕು. ಇರುವ ಟೇಬಲ್ಲಿನ ಪಾರ್ಟಿಷನ್ ಕೀಯನ್ನು ಬದಲಿಸಲಾಗದು. ತಿಂಗಳ ಪಾರ್ಟಿಷನ್ ಇರುವ ಹೊಸ ಟೇಬಲ್ ಮಾಡಿ ದತ್ತಾಂಶವನ್ನು ನಕಲಿಸಿಕೊಳ್ಳುವುದೊಂದೇ ದಾರಿ. ಗಡಿಯಾರ ಕೆಟ್ಟ ಸಂವೇದಕವೊಂದು ಮಾರ್ಚ್‌ನಲ್ಲಿಯೇ ಡಿಸೆಂಬರ್ ದಿನಾಂಕದ ಒಂದು ಸಾಲನ್ನು ಕಳುಹಿಸಿದರೂ ವರ್ಷದ ಪಾರ್ಟ್ ಹೀಗೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ತಿಂಗಳ ಪಾರ್ಟಿಷನ್‌ನಲ್ಲಿ ಆ ಸಾಲು ತನ್ನದೇ ಪಾರ್ಟಿಷನ್‌ನಲ್ಲಿ ಒಂಟಿಯಾಗಿ ಬಿದ್ದು ಕಣ್ಣಿಗೆ ಕಾಣುತ್ತದೆ.

ಕೆಲವೊಮ್ಮೆ ಕಾರಣ ಇಷ್ಟು ಗಹನವಲ್ಲ. ಬ್ಯಾಕಪ್ ಮಾಡುವಾಗ ಯಾರೋ ಮೂವ್ ನಿಲ್ಲಿಸಿ ಮರಳಿ ಆರಂಭಿಸಲು ಮರೆತಿರುತ್ತಾರೆ. ಸರ್ವರ್ ಮರುಪ್ರಾರಂಭವಾದರೆ ಈ ತಡೆ ತಾನಾಗಿ ಅಳಿಯುವುದರಿಂದ, "ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ" ಎಂಬ ನಂಬಿಕೆ ಹುಟ್ಟಿಕೊಳ್ಳುವುದು ಇಂಥಲ್ಲಿಯೇ. ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಇದಕ್ಕೆ ತಿರುಗುಮುರುಗಾದ ದೂರೂ ಬರುತ್ತದೆ: ಈ ತಿಂಗಳ ಅಳತೆಗಳೇ ಬಕೆಟ್ಟಿಗೆ ಹೋಗಿ ಡ್ಯಾಶ್‌ಬೋರ್ಡ್ ನಿಧಾನವಾಗಿದೆ ಎಂದು. ಎಸ್‌ಎಸ್‌ಡಿಯಲ್ಲಿ ಉಳಿದ ಜಾಗ ಮೂವ್ ಫ್ಯಾಕ್ಟರ್‌ಗಿಂತ ಕಡಿಮೆಯಾದಾಗ, ಅಂದರೆ ಮೂಲ ಸಂರಚನೆಯ 0.1ರ ಪ್ರಕಾರ ಶೇಕಡಾ 10ಕ್ಕಿಂತ ಕೆಳಗಿಳಿದಾಗ, ಕ್ಲಿಕ್‌ಹೌಸ್ ಟಿಟಿಎಲ್ ಅನ್ನು ಕಾಯದೆ ಪಾರ್ಟ್‌ಗಳನ್ನು ಮುಂದಿನ ವಾಲ್ಯೂಮ್‌ಗೆ (ಸಂಗ್ರಹದ ಮುಂದಿನ ಹಂತ, ನಮ್ಮಲ್ಲಿ ಬಕೆಟ್) ಸರಿಸುತ್ತದೆ. ಆಗ ಅದು ಆರಿಸುವುದು ಅತಿ ಹಳೆಯದನ್ನಲ್ಲ, ಅತಿ ದೊಡ್ಡದನ್ನು. ಎಲ್ಲ ತೋಟಗಳ ಸಂವೇದಕಗಳು ಎಡೆಬಿಡದೆ ಕಳುಹಿಸುವ ಮಳೆಗಾಲದ ಪಾರ್ಟ್‌ಗಳೇ ನಮ್ಮಲ್ಲಿ ದೊಡ್ಡವು. ಇಂಥಲ್ಲಿ ಡ್ಯಾಶ್‌ಬೋರ್ಡಿನ ಪ್ರಶ್ನೆಗಳನ್ನು ತಿದ್ದುತ್ತಾ ಕೂರುವುದರಿಂದ ಫಲವಿಲ್ಲ. ಡಿಸ್ಕನ್ನು ಹಿಗ್ಗಿಸಬೇಕು ಅಥವಾ 90 ದಿನಗಳನ್ನು 60ಕ್ಕೆ ಇಳಿಸಬೇಕು.

ಮೂರನೆಯ ದೋಷ: ಬ್ಯಾಕಪ್ ಹಗುರವಾಗುತ್ತದೆ

ಹಳೆಯ ದತ್ತಾಂಶ ಬಕೆಟ್ಟಿಗೆ ಸರಿಯತೊಡಗಿದ ಮೇಲೆ ನಮ್ಮ ರಾತ್ರಿಯ ಬ್ಯಾಕಪ್‌ನ ಗಾತ್ರ ಗಣನೀಯವಾಗಿ ಇಳಿಯಿತು, ಬೇಗ ಮುಗಿಯತೊಡಗಿತು, ಮತ್ತು ನಾವು ಅದಕ್ಕೆ ಸಂತೋಷಪಟ್ಟೆವು. ಆಗ ಟೇಬಲ್ಲಿನ ಆ ಕ್ಷಣದ ಸ್ಥಿತಿಯನ್ನು ಶ್ಯಾಡೋ ಫೋಲ್ಡರಿನಲ್ಲಿ ಹಿಡಿದಿಡುವ ಫ್ರೀಜ್ ಆದೇಶ ಕೊಟ್ಟು, ಆ ಫೋಲ್ಡರನ್ನು ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಬೇರೆ ಯಂತ್ರಕ್ಕೆ ಕಳುಹಿಸುವ ಸ್ಕ್ರಿಪ್ಟ್ ಇತ್ತು. ಫ್ರೀಜ್ ಪ್ರತಿಯೊಂದು ಡಿಸ್ಕಿನಲ್ಲಿ ಅದರದೇ ಶ್ಯಾಡೋ ಫೋಲ್ಡರನ್ನು ಮಾಡುತ್ತದೆ. ಮುಖ್ಯ ಡಿಸ್ಕಿನದನ್ನು ಮಾತ್ರ ನಕಲಿಸುವ ಸ್ಕ್ರಿಪ್ಟ್ ಹಳೆಯ ಪಾರ್ಟ್‌ಗಳನ್ನು ಪೂರ್ತಿ ಬಿಟ್ಟುಬಿಡುತ್ತದೆ. ಎಸ್3 ಡಿಸ್ಕಿನ ಶ್ಯಾಡೋವನ್ನು ಸೇರಿಸಿದರೂ ಅಲ್ಲಿರುವುದು ಮೆಟಾಡೇಟಾ ಫೈಲುಗಳ ಹಾರ್ಡ್‌ಲಿಂಕ್‌ಗಳು (ಅದೇ ಫೈಲಿಗೆ ಇನ್ನೊಂದು ಹೆಸರು) ಮಾತ್ರ, ಕೆಲವೇ ಬೈಟುಗಳವು. ಅದು ಗೋದಾಮಿನ ಲೆಡ್ಜರಿನ ನಕಲು. ಪಾರ್ಚ್‌ಮೆಂಟ್ ಕಾಫಿಯ ಚೀಲಗಳ ನಕಲಲ್ಲ. ಇದರ ತದ್ವಿರುದ್ಧವಾಗಿ ಬಕೆಟ್ಟನ್ನಷ್ಟೇ ಇನ್ನೊಂದು ಬಕೆಟ್ಟಿಗೆ ನಕಲಿಸಿಟ್ಟುಕೊಂಡರೆ ಚೀಲಗಳು ಉಳಿಯುತ್ತವೆ, ಆದರೆ ಆಬ್ಜೆಕ್ಟ್‌ಗಳ ಹೆಸರುಗಳು ಯಾದೃಚ್ಛಿಕ ಅಕ್ಷರಗಳಾದುದರಿಂದ ಯಾವ ಚೀಲ ಯಾವ ತೋಟದ್ದೆಂದು ಹೇಳುವ ಲೆಡ್ಜರ್ ಇರುವುದಿಲ್ಲ. ಬಕೆಟ್ಟೇ ಕಳೆದುಹೋದರೆ ಲೆಡ್ಜರಿನ ನಕಲೊಂದೇ, ಸರ್ವರ್‌ನ ಎಸ್‌ಎಸ್‌ಡಿ ಸುಟ್ಟರೆ ಚೀಲಗಳ ನಕಲೊಂದೇ ಕೆಲಸಕ್ಕೆ ಬಾರದು.

ಈಗ ನಾವು ಕ್ಲಿಕ್‌ಹೌಸ್‌ನದೇ ಬ್ಯಾಕಪ್ ಆದೇಶವನ್ನು ಬಳಸುತ್ತೇವೆ. ಅದು ಎಸ್3 ಡಿಸ್ಕಿನಲ್ಲಿರುವ ಪಾರ್ಟ್‌ಗಳ ದತ್ತಾಂಶವನ್ನೂ ಬ್ಯಾಕಪ್ ಬಕೆಟ್ಟಿಗೆ ನಕಲಿಸುತ್ತದೆ. ಪ್ರತಿ ರಾತ್ರಿ ಹಿಂದಿನದನ್ನು ಆಧಾರವಾಗಿಟ್ಟುಕೊಂಡು ಹೊಸದನ್ನಷ್ಟೇ ಸೇರಿಸುವ ಇನ್‌ಕ್ರಿಮೆಂಟಲ್ ಪದ್ಧತಿಯಲ್ಲಿ ಒಂದು ಬಲೆ ಇದೆ. ಆಧಾರ ಬ್ಯಾಕಪ್ ಅಳಿಸಿಹೋದರೆ ಅದರ ಮೇಲೆ ನಿಂತ ಯಾವುದನ್ನೂ ಮರುಸ್ಥಾಪಿಸಲಾಗದು. 30 ದಿನ ಮೀರಿದ್ದನ್ನು ಅಳಿಸು ಎಂಬ ಲೈಫ್‌ಸೈಕಲ್ ನಿಯಮಕ್ಕೆ ಆಧಾರ ಯಾವುದು, ಸೇರ್ಪಡೆ ಯಾವುದು ಎಂಬ ಅರಿವಿಲ್ಲ. ಅದು ಮೊದಲು ಅಳಿಸುವುದು ಆಧಾರವನ್ನೇ. ಅಳಿಸುವ ಕೆಲಸವನ್ನು ಬಕೆಟ್ಟಿನ ನಿಯಮಕ್ಕೆ ಬಿಡದೆ, ಇಡೀ ಸರಪಳಿಯನ್ನು ಒಟ್ಟಿಗೆ ತೆಗೆಯುವ ಸ್ಕ್ರಿಪ್ಟಿಗೆ ಒಪ್ಪಿಸಬೇಕು.

ಬ್ಯಾಕಪ್ ಬೆಳಗಾದರೂ ಮುಗಿಯದಿದ್ದರೆ ಲೆಕ್ಕ ಹಾಕಿ ನೋಡಬೇಕು. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2.5 ಎಂಬಿ, ಗಂಟೆಗೆ 9 ಜಿಬಿ. 200 ಜಿಬಿಯ ಪೂರ್ಣ ಬ್ಯಾಕಪ್‌ಗೆ 22 ಗಂಟೆ ಬೇಕು. ಇದು ದೋಷವಲ್ಲ, ಅಂಕಗಣಿತ.

ಮಳೆಗಾಲದಲ್ಲಿ ಮಾತ್ರ ಬರುವ ವೈಫಲ್ಯಕ್ಕೆ ಬೇರೆ ಕಾರಣವಿದೆ. ಮರ ಬಿದ್ದು ತಂತಿ ಹರಿದು ಕರೆಂಟು ಎರಡು ದಿನ ಬರುವುದಿಲ್ಲ, ಯುಪಿಎಸ್ ಮುಗಿಯುತ್ತದೆ, ಸರ್ವರ್‌ನ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಯಂತ್ರ ತಪ್ಪು ಸಮಯದೊಂದಿಗೆ ಎದ್ದೇಳುತ್ತದೆ, ಫೈಬರ್ ಇನ್ನೂ ಬಾರದ ಕಾರಣ ಎನ್‌ಟಿಪಿಯಿಂದ (ಅಂತರ್ಜಾಲದ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆ) ಸಮಯ ಸರಿಹೋಗುವುದಿಲ್ಲ. ಸಂಪರ್ಕ ಬಂದರೂ ಗಡಿಯಾರ 15 ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದರೆ ಎಸ್3 ಎಲ್ಲ ವಿನಂತಿಗಳನ್ನೂ ತಿರಸ್ಕರಿಸುತ್ತದೆ, ಅದೇ 403 ಸಂಖ್ಯೆಯೊಂದಿಗೆ. ಇದನ್ನು ಗುರುತಿಸುವುದು ಸುಲಭ: ಆರ್ಕೈವ್ ದೋಷದಲ್ಲಿ ಹಳೆಯ ಕೆಲವು ಕಾಲಮ್‌ಗಳು ಮಾತ್ರ ಹೋಗುತ್ತವೆ, ಗಡಿಯಾರ ದೋಷದಲ್ಲಿ ಬಕೆಟ್ಟಿನದು ಯಾವುದೂ ಬರುವುದಿಲ್ಲ, ಬ್ಯಾಕಪ್ ಕೂಡ ಮೊದಲ ಕ್ಷಣದಲ್ಲಿಯೇ ಬೀಳುತ್ತದೆ. ಹತ್ತಾರು ರೂಪಾಯಿಯ ಬ್ಯಾಟರಿಯನ್ನು ಮೇ ತಿಂಗಳಲ್ಲಿ ಬದಲಿಸಿಡುವುದು ಉತ್ತಮ.

ಬಿಲ್ಲು ಮಾತ್ರ ಏರುತ್ತಿದ್ದರೆ

ಬಕೆಟ್ಟಿನಲ್ಲಿ ಕಾಣುವ ಆಬ್ಜೆಕ್ಟ್‌ಗಳ ಮೊತ್ತಕ್ಕೂ ಬಿಲ್ಲಿಗೂ ತಾಳೆಯಾಗದಿದ್ದರೆ ಎರಡು ಜಾಗಗಳನ್ನು ನೋಡಬೇಕು. ಸಂಪರ್ಕ ಕಡಿದಾಗ ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ ಅಪ್‌ಲೋಡ್‌ಗಳ ತುಣುಕುಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ, ಶುಲ್ಕ ಮಾತ್ರ ನಡೆಯುತ್ತಿರುತ್ತದೆ. ಅವುಗಳನ್ನು ಕೆಲವು ದಿನಗಳ ನಂತರ ರದ್ದುಗೊಳಿಸುವ ಲೈಫ್‌ಸೈಕಲ್ ನಿಯಮವೊಂದನ್ನು ಮಾತ್ರ ಎಲ್ಲ ಬಕೆಟ್ಟುಗಳ ಮೇಲೂ ನಿಶ್ಚಿಂತೆಯಿಂದ ಹಾಕಬಹುದು. ವರ್ಶನಿಂಗ್ ಚಾಲೂ ಇದ್ದರೆ ಮರ್ಜ್ ಆದ ನಂತರ ಕ್ಲಿಕ್‌ಹೌಸ್ ಅಳಿಸಿದ ಹಳೆಯ ಆಬ್ಜೆಕ್ಟ್‌ಗಳು ಹಿಂದಿನ ಆವೃತ್ತಿಗಳಾಗಿ ಉಳಿದಿರುತ್ತವೆ. ಯಾರದೆಂದು ತಿಳಿಯದ ಆಬ್ಜೆಕ್ಟ್‌ಗಳನ್ನು ಹೆಸರು ನೋಡಿ ಅಳಿಸಬಾರದು. ರಿಮೋಟ್ ಡೇಟಾ ಪಾತ್ಸ್ ಟೇಬಲ್ಲಿನೊಡನೆ ಹೋಲಿಸಿ, ಶ್ಯಾಡೋದಲ್ಲಿರುವ ಉಲ್ಲೇಖಗಳನ್ನೂ ನೋಡಿ, ಆಮೇಲೆ ತೀರ್ಮಾನಿಸಬೇಕು.

ಮರುಸ್ಥಾಪನೆಯ ಪರೀಕ್ಷೆ

ಬ್ಯಾಕಪ್ ಸರಿಯಿದೆಯೇ ಎಂದು ತಿಳಿಯಲು ನಾವು ಈಗ ಅನುಸರಿಸುವ ವಿಧಾನ ಹೀಗಿದೆ. ಬೇರೊಂದು ಯಂತ್ರದಲ್ಲಿ ಕ್ಲಿಕ್‌ಹೌಸ್ ಸ್ಥಾಪಿಸಿ, ಅದಕ್ಕೆ ಬ್ಯಾಕಪ್ ಬಕೆಟ್ಟನ್ನು ಓದುವ ಕೀ ಮಾತ್ರ ಕೊಡುತ್ತೇವೆ. ಹಳೆಯ ದತ್ತಾಂಶದ ಬಕೆಟ್ಟಿಗೆ ಯಾವ ಅನುಮತಿಯನ್ನೂ ಕೊಡುವುದಿಲ್ಲ. ಮೂಲ ಸರ್ವರ್‌ನಲ್ಲಿರುವ ಸ್ಟೋರೇಜ್ ಪಾಲಿಸಿಯ (ದತ್ತಾಂಶಕ್ಕೆ ಯಾವ ವಾಲ್ಯೂಮ್‌ಗಳಿವೆ ಎಂದು ಹೇಳುವ ಸಂರಚನೆ) ಹೆಸರಿನಲ್ಲಿಯೇ, ಅದೇ ವಾಲ್ಯೂಮ್ ಹೆಸರುಗಳಿರುವ, ಆದರೆ ಎರಡೂ ವಾಲ್ಯೂಮ್‌ಗಳು ಸ್ಥಳೀಯ ಡಿಸ್ಕಿನಲ್ಲಿರುವ ಪಾಲಿಸಿಯನ್ನು ಬರೆದಿಡುತ್ತೇವೆ, ಇಲ್ಲದಿದ್ದರೆ ಟೇಬಲ್ ಸೃಷ್ಟಿಯ ಹಂತದಲ್ಲಿಯೇ ಮರುಸ್ಥಾಪನೆ ನಿಲ್ಲುತ್ತದೆ. ಅನಂತರ ಎಣಿಕೆಯನ್ನು ಕೇಳದೆ, ಕಳೆದ ವರ್ಷದ ಜುಲೈ ತಿಂಗಳಿನಲ್ಲಿ ಆ ರೈಟರ್ ಅವರ ತೋಟದಲ್ಲಿ ಬಿದ್ದ ಮಳೆಯ ಮೊತ್ತವನ್ನು ಕೇಳುತ್ತೇವೆ. ಬಂದ ಮಿಲಿಮೀಟರ್ ಸಂಖ್ಯೆಯನ್ನು 25.4ರಿಂದ ಭಾಗಿಸಿ, ಅವರು ತಮ್ಮ ಮಳೆ ಪುಸ್ತಕದಲ್ಲಿ ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮೊತ್ತದೊಡನೆ ಫೋನಿನಲ್ಲಿಯೇ ತಾಳೆ ನೋಡುತ್ತೇವೆ.